ವಿ-ಕ್ರಾಸ್‌ಗೆ ಎಷ್ಟು ಇಂಚಿನ ಲಿಫ್ಟ್ ಕಿಟ್ ಹಾಕಿಸಬೇಕು?

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ ಇದೆ. ಗಾಡಿ ಇಸುಜು ವಿ-ಕ್ರಾಸ್, ಫೋರ್ ವೀಲ್ ಡ್ರೈವ್. ಮಳೆಗಾಲದಲ್ಲಿ ತೋಟದ ರಸ್ತೆಯಲ್ಲಿ ಅಡಿ ಹೊಡೆಯುತ್ತೆ. ಎರಡು ಇಂಚಿನ ಲಿಫ್ಟ್ ಕಿಟ್ ಸಾಕಾ, ಮೂರು ಇಂಚೇ ಬೇಕಾ? ಯಾವ ಕಂಪನಿಯದು ಒಳ್ಳೆಯದು?

ಉತ್ತರ: ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಒಂದು ಸಲ ಸಕಲೇಶಪುರದಿಂದ, ಇನ್ನೊಂದು ಸಲ ಕಳಸದಿಂದ. ಗಾಡಿ ಕೆಲವೊಮ್ಮೆ ಟೊಯೋಟಾದ ಪಿಕಪ್ ಹೈಲಕ್ಸ್ ಆಗಿರುತ್ತದೆ, ಅಷ್ಟೇ. ಲಿಫ್ಟ್ ಕಿಟ್ ಅಂದರೆ ಸ್ಪ್ರಿಂಗ್, ಶಾಕ್ ಬದಲಿಸಿ ಗಾಡಿಯನ್ನು ಎತ್ತರಿಸುವ ಸಾಮಾನು. ಇಂಚು, ಕಂಪನಿ ಎರಡನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ನೀವೊಂದು ಉತ್ತರ ಕೊಡಬೇಕು. ಅಡಿ ಹೊಡೆಯುತ್ತೆ ಅಂದಿರಲ್ಲ, ಅಡಿಯಲ್ಲಿ ಯಾವ ಭಾಗ ಹೊಡೆಯುತ್ತೆ?

ನೂರಕ್ಕೆ ತೊಂಬತ್ತು ಜನ ಇದನ್ನು ನೋಡಿಯೇ ಇರುವುದಿಲ್ಲ. ಇವತ್ತು ಸಂಜೆ ಒಂದು ಗೋಣಿಚೀಲ ಹಾಸಿಕೊಂಡು, ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿ ನೋಡಿ. ಬಡಿದ ಜಾಗ ತಾನೇ ಹೇಳುತ್ತದೆ. ಅಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿರುತ್ತದೆ, ಗೀರಿನೊಳಗೆ ಕೆಂಪು ಮಣ್ಣು ಒಣಗಿ ಕೂತಿರುತ್ತದೆ. ಆ ಗೀರು ಹಿಂದಿನ ಎರಡು ಚಕ್ರಗಳ ನಡುವೆ, ಆಕ್ಸಲ್ (ಅಚ್ಚು) ಮೇಲೆ ಉಬ್ಬಿಕೊಂಡಿರುವ ಡಿಫ್ರೆನ್ಶಿಯಲ್ ಹೌಸಿಂಗ್, ಅಂದರೆ ಎರಡು ಚಕ್ರಕ್ಕೂ ಎಳೆತ ಹಂಚುವ ಗೇರುಗಳ ಗೂಡಿನ ಮೇಲೆ ಇದ್ದರೆ ಎರಡು ಇಂಚಾಗಲಿ, ಮೂರು ಇಂಚಾಗಲಿ, ಯಾವ ಲಿಫ್ಟ್ ಕಿಟ್ಟೂ ನಿಮ್ಮ ತೊಂದರೆ ತೀರಿಸುವುದಿಲ್ಲ.

ಇದನ್ನು ಹೇಳಿದ ತಕ್ಷಣ ಎಲ್ಲರೂ ನನ್ನ ಮುಖ ನೋಡುತ್ತಾರೆ. "ಗಾಡಿ ಎರಡು ಇಂಚು ಮೇಲೆ ಹೋದಮೇಲೆ ಕೆಳಗಿರೋದೆಲ್ಲ ಎರಡು ಇಂಚು ಮೇಲೆ ಹೋಗಲೇಬೇಕಲ್ವಾ?" ಹೋಗುವುದಿಲ್ಲ. ಈ ಒಂದು ತಪ್ಪು ತಿಳಿವಳಿಕೆಗೆ ಎಷ್ಟು ಜನ ದುಡ್ಡು ಸುರಿದಿದ್ದಾರೋ ಲೆಕ್ಕ ಇಲ್ಲ. ಅದಕ್ಕೇ ಇದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಎತ್ತಿನ ಗಾಡಿ ನೆನಪು ಮಾಡಿಕೊಳ್ಳಿ. ಎರಡು ದೊಡ್ಡ ಗಾಲಿ, ನಡುವೆ ಅಚ್ಚು, ಅಚ್ಚಿನ ಮೇಲೆ ಮೂಕಿ, ಹಲಗೆ. ಅಚ್ಚು ನೆಲದಿಂದ ಎಷ್ಟು ಎತ್ತರ ಇರಬೇಕು ಎಂದು ತೀರ್ಮಾನಿಸುವುದು ಯಾವುದು? ಗಾಲಿ. ಅಚ್ಚಿನ ಮೇಲೆ ಎರಡು ಇಂಚಿನ ಮರದ ತುಂಡು ಇಟ್ಟು ಹಲಗೆ ಕೂರಿಸಿದರೆ ಹಲಗೆ ಮೇಲೆ ಹೋಗುತ್ತದೆ, ಅಚ್ಚು ಇದ್ದಲ್ಲೇ ಇರುತ್ತದೆ. ನಿಮ್ಮ ವಿ-ಕ್ರಾಸ್‌ನ ಹಿಂಭಾಗವೂ ಹೀಗೆಯೇ. ಹಿಂದಿನ ಆಕ್ಸಲ್ ಒಂದೇ ಗಟ್ಟಿ ಕೊಳವೆ, ಅದರ ಎರಡು ತುದಿಗೆ ಚಕ್ರ. ಆ ಆಕ್ಸಲ್‌ಗೆ ಯು ಬೋಲ್ಟ್ ಹಾಕಿ ಕಟ್ಟಿರುವ ಲೀಫ್ ಸ್ಪ್ರಿಂಗ್ ಪ್ಲೇಟುಗಳು ಚಾಸಿಯನ್ನು, ಅಂದರೆ ಬಾಡಿ ಕೂತಿರುವ ಕಬ್ಬಿಣದ ಚೌಕಟ್ಟನ್ನು, ಹೊತ್ತಿವೆ. ಲಿಫ್ಟ್ ಕಿಟ್‌ನಲ್ಲಿ ಬರುವ ಹೊಸ ಪ್ಲೇಟುಗಳು ಹೆಚ್ಚು ಬಾಗಿರುತ್ತವೆ. ಅವು ಚಾಸಿಯನ್ನು ಆಕ್ಸಲ್‌ನಿಂದ ದೂರ ತಳ್ಳುತ್ತವೆ. ಆಕ್ಸಲ್ ನೆಲದಿಂದ ದೂರ ಹೋಗಬೇಕಾದರೆ ಟೈರು ದೊಡ್ಡದಾಗಬೇಕು. ಬೇರೆ ದಾರಿ ಇಲ್ಲ.

ನಂಬಿಕೆ ಬರದಿದ್ದರೆ ಮನೆಯಂಗಳದಲ್ಲೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಹೌಸಿಂಗ್‌ನ ತಳದಿಂದ ನೆಲಕ್ಕೆ ಟೇಪ್ ಹಿಡಿದು ಅಳತೆ ಬರೆದುಕೊಳ್ಳಿ. ಹಿಂದಿನ ಬಂಪರ್‌ನ ಎತ್ತರವನ್ನೂ ಬರೆದುಕೊಳ್ಳಿ. ಈಗ ಹಿಂದೆ ನಾಲ್ಕು ಮೂಟೆ ಗೊಬ್ಬರ ಹಾಕಿ ಮತ್ತೆ ಅಳೆಯಿರಿ. ಬಂಪರ್ ಇಳಿದಿರುತ್ತದೆ. ಹೌಸಿಂಗ್ ಮಾತ್ರ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಟೈರು ಒಂಚೂರು ಚಪ್ಪಟೆಯಾದಷ್ಟು ಮಾತ್ರ ಇಳಿದಿರುತ್ತದೆ. ಭಾರ ಹಾಕಿದಾಗ ಇಳಿಯದ ಆಕ್ಸಲ್ ಪ್ಲೇಟು ಬದಲಿಸಿದರೆ ಏರುತ್ತದೆಯೇ?

ನಾನೂ ಇದನ್ನು ದುಡ್ಡು ಕೊಟ್ಟೇ ಕಲಿತದ್ದು. ನಮ್ಮ ತೋಟದ ಗೇಟು ದಾಟಿದ ಮೇಲೆ ಎಡಕ್ಕೆ ತಿರುಗುವ ಏರಿನಲ್ಲಿ ಒಂದು ಕಲ್ಲಿದೆ. ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಜಾಡು ಆಳವಾಗಿದೆ, ನಡುವಿನ ದಿಬ್ಬದಲ್ಲಿ ಆ ಕಲ್ಲು ಮೂತಿ ಚಾಚಿಕೊಂಡಿದೆ. ಹಿಂದಿನ ಹೌಸಿಂಗ್ ಅದಕ್ಕೆ ಬಡಿಯುತ್ತಿತ್ತು. ಎರಡು ಇಂಚಿನ ಕಿಟ್ ಹಾಕಿಸಿ, ಸಂತೋಷದಿಂದ ಬಂದು ಅದೇ ಏರು ಹತ್ತಿದೆ. ಅದೇ ಸದ್ದು, ಅದೇ ಜಾಗ. ಇಳಿದು ನೋಡಿದರೆ ಕಲ್ಲಿನ ಮೇಲಿದ್ದ ಹಳೆಯ ಕಪ್ಪು ಬಣ್ಣದ ಗೆರೆ ಪಕ್ಕದಲ್ಲೇ ಹೊಸ ಗೆರೆ. ಮರುದಿನ ಗೆಳೆಯನ ಗಾಡಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅದಕ್ಕೆ ಲಿಫ್ಟ್ ಇಲ್ಲ, ಟೈರು ಮಾತ್ರ ನನ್ನದೇ ಸೈಜಿನದು. ಎರಡೂ ಗಾಡಿಗಳ ಹೌಸಿಂಗ್ ಕೆಳಗೆ ಟೇಪ್ ಹಿಡಿದೆ. ಅರ್ಧ ಸೆಂಟಿಮೀಟರ್ ವ್ಯತ್ಯಾಸವೂ ಇರಲಿಲ್ಲ.

ಹಾಗಾದರೆ ಗ್ಯಾರೇಜಿನಲ್ಲಿ ತೋರಿಸಿದ ಎರಡು ಇಂಚು ಸುಳ್ಳಾ? ಅದು ಸುಳ್ಳಲ್ಲ. ಅಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯುತ್ತಾರೆ. ಆ ಅಂತರ ನಿಜವಾಗಿಯೂ ಎರಡು ಇಂಚು ಜಾಸ್ತಿಯಾಗಿರುತ್ತದೆ. ಆದರೆ ಅದು ಚಕ್ರಕ್ಕೂ ಬಾಡಿಗೂ ಇರುವ ಅಂತರ. ನೆಲಕ್ಕೂ ಹೌಸಿಂಗ್‌ಗೂ ಇರುವ ಅಂತರವನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ನಾವೂ ಕೇಳುವುದಿಲ್ಲ.

"ಪಕ್ಕದ ತೋಟದವರ ಗಾಡಿ ಲಿಫ್ಟ್ ಆದಮೇಲೆ ಹೊಡೆಯಲ್ಲ" ಎಂಬ ಮಾತೂ ಬರುತ್ತದೆ. ಅವರ ಟೈರಿನ ಸೈಜು ಓದಿಕೊಂಡು ಬನ್ನಿ ಎನ್ನುತ್ತೇನೆ. ಪ್ರತಿ ಸಲವೂ ಲಿಫ್ಟ್ ಜೊತೆಗೇ ದೊಡ್ಡ ಟೈರು ಹಾಕಿಸಿರುತ್ತಾರೆ. ಕೆಲಸ ಮಾಡಿದ್ದು ಟೈರು, ಹೆಸರು ಬಂದದ್ದು ಲಿಫ್ಟ್‌ಗೆ.

ಅದನ್ನೂ ಲೆಕ್ಕ ಹಾಕಿ ನೋಡೋಣ. 245/70 ಆರ್16 ಟೈರಿನ ಒಟ್ಟು ಎತ್ತರ ಸುಮಾರು 749 ಮಿಲಿಮೀಟರ್. ಅದರ ಬದಲು 265/70 ಆರ್16 ಹಾಕಿದರೆ ಸುಮಾರು 777. ವ್ಯತ್ಯಾಸ 28 ಮಿಲಿಮೀಟರ್. ಆಕ್ಸಲ್ ಇರುವುದು ಟೈರಿನ ನಡುಮಧ್ಯದಲ್ಲಿ. ಹಾಗಾಗಿ ಅದು ಏರುವುದು ಇದರ ಅರ್ಧ, ಅಂದರೆ 14 ಮಿಲಿಮೀಟರ್. ಇಷ್ಟೇನಾ ಅನ್ನಬೇಡಿ. ತೋಟದ ದಿಬ್ಬದ ಮೇಲೆ ಹದಿನಾಲ್ಕು ಮಿಲಿಮೀಟರ್ ಸಣ್ಣದಲ್ಲ. ಇದಕ್ಕೆ ಬೆಲೆಯೂ ಇದೆ. ಮೀಟರ್ 100 ತೋರಿಸುವಾಗ ಗಾಡಿ ಸುಮಾರು 104ರಲ್ಲಿ ಓಡುತ್ತಿರುತ್ತದೆ. ಎಳೆತ ಸ್ವಲ್ಪ ಮಂಕಾಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುತ್ತದೆಯೇ ಎಂದು ನೋಡಿಕೊಳ್ಳಬೇಕು.

ಹಾಗಂತ ಲಿಫ್ಟ್ ದಂಡ ಎಂದು ನಾನು ಹೇಳುತ್ತಿಲ್ಲ. ಗೀರುಗಳು ಬೇರೆ ಕಡೆ ಇದ್ದರೆ ಲಿಫ್ಟ್ ಬಹಳ ಉಪಯೋಗದ್ದು. ವಿ-ಕ್ರಾಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3095 ಮಿಲಿಮೀಟರ್ ಇದೆ. ಮಹೀಂದ್ರಾದ ಮೂರು ಬಾಗಿಲಿನ ಥಾರ್‌ನಲ್ಲಿ ಇದು 2450. ಇಷ್ಟು ಉದ್ದದ ಗಾಡಿ ಒಂದು ಏರಿಯನ್ನು ದಾಟುವಾಗ ನಡುಹೊಟ್ಟೆ ಮೊದಲು ತಾಗುತ್ತದೆ. ಫುಟ್‌ಬೋರ್ಡ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಗೇರ್ ಪೆಟ್ಟಿಗೆ) ಕೆಳಗಿನ ಅಡ್ಡಪಟ್ಟಿ, ಮುಂದಿನ ಬಂಪರ್‌ನ ತುಟಿ, ಹಿಂದಿನ ಬಂಪರ್, ಇವೆಲ್ಲ ಚಾಸಿಗೆ ಸೇರಿದ ಭಾಗಗಳು. ಚಾಸಿ ಏರಿದರೆ ಇವೂ ಏರುತ್ತವೆ. ವಿ-ಕ್ರಾಸ್ ಮತ್ತು ಹೈಲಕ್ಸ್‌ನಲ್ಲಿ ಮುಂದಿನ ಡಿಫ್ರೆನ್ಶಿಯಲ್ ಕೂಡ ಚಾಸಿಗೇ ಕೂತಿದೆ, ಅದೂ ಏರುತ್ತದೆ. ಮುಂದೆ ಏರುತ್ತದೆ, ಹಿಂದೆ ಏರುವುದಿಲ್ಲ. ಈ ವ್ಯತ್ಯಾಸ ತಿಳಿದುಕೊಂಡರೆ ಅರ್ಧ ವಿಷಯ ಗೊತ್ತಾದಂತೆ.

ಈಗ ನಿಮ್ಮ ಇಂಚಿನ ಪ್ರಶ್ನೆ. ಒಂದೂವರೆಯಿಂದ ಎರಡು ಇಂಚು, ಅಂದರೆ 40ರಿಂದ 50 ಮಿಲಿಮೀಟರ್. ಅದಕ್ಕಿಂತ ಮೇಲೆ ಬೇಡ. ಮುಂದಿನ ಡಿಫ್ರೆನ್ಶಿಯಲ್ ಏರುತ್ತದೆ ಎಂದೆನಲ್ಲ, ಚಕ್ರ ಕೆಳಗೇ ಉಳಿಯುತ್ತದೆ. ಎರಡನ್ನೂ ಜೋಡಿಸುವ ಡ್ರೈವ್ ಶಾಫ್ಟ್ ಓರೆಯಾಗುತ್ತದೆ. ಓರೆ ಜಾಸ್ತಿಯಾದಷ್ಟೂ ಆ ಶಾಫ್ಟಿನ ತುದಿಯಲ್ಲಿ ಬಾಗುತ್ತಾ ತಿರುಗುವ ಕೀಲು, ಅಂದರೆ ಸಿ.ವಿ. ಜಾಯಿಂಟ್, ಬೇಗ ಸವೆಯುತ್ತದೆ, ಅದರ ರಬ್ಬರ್ ಬೂಟು ಹರಿಯುತ್ತದೆ. ಬೂಟು ಹರಿದರೆ ಗ್ರೀಸ್ ಹೊರಗೆ, ಕೆಸರು ಒಳಗೆ. ಎರಡು ಇಂಚಿನ ಆಸುಪಾಸಿನಲ್ಲೇ ಎಷ್ಟೋ ಸಲ ಚಕ್ರಗಳ ಅಲೈನ್‌ಮೆಂಟ್ ಕೂರುವುದಿಲ್ಲ, ಮುಂದಿನ ಚಕ್ರವನ್ನು ಚಾಸಿಗೆ ಹಿಡಿದಿಡುವ ಮೇಲಿನ ತೋಳು, ಅಂದರೆ ಕಂಟ್ರೋಲ್ ಆರ್ಮ್ ಬದಲಿಸಬೇಕಾಗುತ್ತದೆ. ಮೂರು ಇಂಚಿಗೆ ಹೋದರೆ ಒಂದರ ಹಿಂದೊಂದು ಖರ್ಚು.

ಸ್ಪೇಸರ್ ಕಿಟ್ ಬೇಡ. ಹಳೆಯ ಸ್ಪ್ರಿಂಗ್, ಹಳೆಯ ಶಾಕ್ ಅಬ್ಸಾರ್ಬರ್ ಮೇಲೆ ಒಂದು ಲೋಹದ ಬಿಲ್ಲೆ ಇಟ್ಟು ಎತ್ತುವ ಅಗ್ಗದ ದಾರಿ ಅದು. ಗುಂಡಿಗೆ ಇಳಿದಾಗ ಚಕ್ರ ಕೆಳಗೆ ಚಾಚಲು ಇರುವ ಜಾಗವನ್ನು ಅದು ತಿಂದುಬಿಡುತ್ತದೆ, ಬಾಲ್ ಜಾಯಿಂಟ್ ಮೇಲೆ ಪೆಟ್ಟು ಬೀಳುತ್ತದೆ. ಚಾಸಿಗೂ ಬಾಡಿಗೂ ನಡುವೆ ತುಂಡು ಇಡುವ ಬಾಡಿ ಲಿಫ್ಟ್ ನಿಮಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಸ್ಪ್ರಿಂಗ್, ಶಾಕ್, ಹಿಂದಿನ ಪ್ಲೇಟು ಎಲ್ಲ ಒಂದಕ್ಕೊಂದು ಹೊಂದಿಸಿದ ಪೂರ್ತಿ ಕಿಟ್ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಇಮು, ಐರನ್‌ಮ್ಯಾನ್, ಥಾಯ್ಲೆಂಡಿನ ಪ್ರೊಫೆಂಡರ್, ಇವೆಲ್ಲ ಇಸುಜು ಡಿ-ಮ್ಯಾಕ್ಸ್‌ಗೆಂದೇ (ನಿಮ್ಮ ವಿ-ಕ್ರಾಸ್ ಅದೇ ಗಾಡಿ) ಸಾಮಾನು ಮಾಡುವ ಹೆಸರುಗಳು. ಕಂಪನಿಗಿಂತ ಮುಖ್ಯವಾದದ್ದು ಭಾರ. ಗಾಡಿಯಲ್ಲಿ ಯಾವಾಗಲೂ ಎಷ್ಟು ಭಾರ ಇರುತ್ತದೆ ಎಂದು ಅಂಗಡಿಯವರಿಗೆ ಸರಿಯಾಗಿ ಹೇಳಿ. ಖಾಲಿ ಓಡುವ ಗಾಡಿಗೆ 300 ಕೆ.ಜಿ. ಲೆಕ್ಕದ ಪ್ಲೇಟು ಹಾಕಿದರೆ ಹಿಂದೆ ಕೂತವರ ಸೊಂಟ ಹೋಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಭಾಗ ಕುಣಿಯುತ್ತದೆ.

ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಕೆಳಗಿಳಿಸಿ. ಇಲ್ಲದಿದ್ದರೆ ಘಾಟಿಯಲ್ಲಿ ಎದುರಿನವರಿಗೆ ಕಣ್ಣು ಕಾಣುವುದಿಲ್ಲ. ಸಾವಿರ ಕಿಲೋಮೀಟರ್ ಆದಮೇಲೆ ಸ್ಪ್ರಿಂಗ್ ಕೂರುತ್ತದೆ, ಆಗ ಇನ್ನೊಂದು ಸಲ ಅಲೈನ್‌ಮೆಂಟ್ ಮಾಡಿಸಿ, ಯು ಬೋಲ್ಟ್ ಬಿಗಿ ಮಾಡಿಸಿ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಬದಲಿಸುವ ವಾಲ್ವ್ ಇರುತ್ತದೆ. ಹಿಂಭಾಗ ಎತ್ತಿದರೆ ಗಾಡಿ ಖಾಲಿ ಇದೆ ಎಂದು ಅದು ತಿಳಿದುಕೊಂಡು ಬ್ರೇಕ್ ಕಡಿಮೆ ಮಾಡುತ್ತದೆ. ಅದರ ಸಲಾಕೆ ಹೊಂದಿಸಿದ್ದಾರಾ ಎಂದು ಕೇಳಿಯೇ ಗಾಡಿ ಹೊರಗೆ ತನ್ನಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯಲ್ಲಿರುವ, ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವ ಹಾಗಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಲಿಫ್ಟ್ ಹಾಕಿಸುವ ಮೊದಲು ಆರ್.ಟಿ.ಒ.ದಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಂದ ಬರಹದಲ್ಲಿ ಉತ್ತರ ಪಡೆಯಿರಿ. ಅಪಘಾತ ಆದಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ನೀವು ಕೇಳದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನನ್ನ ಗೇಟಿನ ಕಲ್ಲನ್ನು ನಾನು ಈಗ ಹೇಗೆ ದಾಟುತ್ತೇನೆ ಗೊತ್ತಾ? ಜಾಡಿನಲ್ಲಿ ಚಕ್ರ ಇಳಿಸುವುದೇ ಇಲ್ಲ. ಒಂದು ಕಡೆಯ ಚಕ್ರಗಳನ್ನು ನಡುದಿಬ್ಬದ ಮೇಲೆ, ಇನ್ನೊಂದು ಕಡೆಯವನ್ನು ರಸ್ತೆಯ ಹೊರ ಅಂಚಿನ ಮೇಲೆ ಇಡುತ್ತೇನೆ. ಹೌಸಿಂಗ್ ಆಳವಾದ ಜಾಡಿನ ಮೇಲೆ ಹಾದುಹೋಗುತ್ತದೆ. ಸುಮ್ನೆ ಸಿಕ್ಕಿದ ಆರೇಳು ಇಂಚು ಜಾಗ ಅದು. ತುಂಬಾ ಜನ ಜಾಡು ಇರುವುದೇ ಚಕ್ರಕ್ಕೆ ಎಂದುಕೊಂಡಿದ್ದಾರೆ. ಟ್ರ್ಯಾಕ್ಟರಿನ ಚಕ್ರಕ್ಕೆ ಇರಬಹುದು, ನಿಮ್ಮದಕ್ಕಲ್ಲ.

ಜೊತೆಗೆ ಟೈರಿನ ಗಾಳಿ. ಜಾರುವ ಕೆಂಪು ಕೆಸರಿನಲ್ಲಿ 20 ಪಿ.ಎಸ್.ಐ. ಸುತ್ತ ಇಳಿಸಿ, ನಿಧಾನ ಓಡಿಸಿ. ಟೈರು ಅಗಲವಾಗಿ ನೆಲ ಹಿಡಿಯುತ್ತದೆ. 15ಕ್ಕಿಂತ ಕೆಳಗೆ ಹೋದರೆ ಟೈರು ರಿಮ್ ಬಿಟ್ಟುಬರುವ ಭಯ ಇದೆ. ಆದರೆ ಗಾಳಿ ಇಳಿಸಿದರೆ ಟೈರು ಕುಗ್ಗಿ ಹೌಸಿಂಗ್ ಕೂಡ ಸ್ವಲ್ಪ ಇಳಿಯುತ್ತದೆ ಎಂಬುದು ನೆನಪಿರಲಿ. ಕೆಸರಿನ ಕಡೆ ಇಳಿಸಿ, ಕಲ್ಲಿನ ಏರು ಬರುವ ಮೊದಲು ತುಂಬಿಸಿಕೊಳ್ಳಿ. ಸೀಟಿನ ಕೆಳಗೆ ಬ್ಯಾಟರಿಯಿಂದ ಓಡುವ ಒಂದು ಸಣ್ಣ ಕಂಪ್ರೆಸರ್ ಇಟ್ಟುಕೊಳ್ಳಿ. ಟಾರು ರಸ್ತೆಗೆ ಹತ್ತುವ ಮೊದಲು ಕಂಪನಿ ಹೇಳಿದಷ್ಟು ಗಾಳಿ ಹಾಕಲೇಬೇಕು.

ಸರಿ, ಗೋಣಿಚೀಲ ಹಾಸಿಕೊಂಡು ಕೆಳಗೆ ನೋಡಿ ಬನ್ನಿ. ಗೀರು ಎಲ್ಲಿದೆ ಎಂದು ತಿಳಿಸಿ, ಟೈರಿನ ಪಕ್ಕದಲ್ಲಿ ಬರೆದಿರುವ ಸೈಜನ್ನೂ ಬರೆದು ಕಳಿಸಿ.