ಕಾಲ್‌ಸೈನ್: 'ವಿಯು2' ಎಂಬ ಗುರುತಿನ ಒಳಗೇನಿದೆ?

ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ನಡೆದು ಹೋಗುವಾಗ ಅಪರೂಪಕ್ಕೆ ಒಂದು ಮನೆಯ ತಾರಸಿಯ ಮೇಲೆ ಟಿವಿಯದೂ ಅಲ್ಲದ, ಮೊಬೈಲ್ ಕಂಪನಿಯದೂ ಅಲ್ಲದ ಆಂಟೆನಾ ಕಣ್ಣಿಗೆ ಬೀಳುತ್ತದೆ. ಅದೇ ಮನೆಯ ಗೇಟಿನ ಪಕ್ಕದ ಫಲಕದಲ್ಲಿ ಯಜಮಾನರ ಹೆಸರಿನ ಕೆಳಗೆ, ಡಿಗ್ರಿ ಬರೆಸುವ ಜಾಗದಲ್ಲಿ, 'ವಿಯು2' ಎಂದು ಶುರುವಾಗುವ ಐದಾರು ಅಕ್ಷರಗಳ ಸಾಲೊಂದು ಇದ್ದರೆ ಅದು ಹ್ಯಾಮ್ ರೇಡಿಯೊ ಹವ್ಯಾಸಿಯ, ಅಂದರೆ ಲೈಸೆನ್ಸ್ ಪಡೆದು ಬರೀ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಬೇರೆಯವರೊಡನೆ ಮಾತಾಡುವವರ, ಮನೆ ಎಂದು ತಿಳಿಯಬಹುದು. ಆ ಸಾಲಿನ ಹೆಸರು ಕಾಲ್‌ಸೈನ್. ಕನ್ನಡದಲ್ಲಿ 'ಕರೆಸಂಕೇತ' ಎಂದು ಬರೆಯುವವರಿದ್ದಾರೆ, ಪದ ಚೆನ್ನಾಗಿಯೂ ಇದೆ. ಆದರೆ ಹವ್ಯಾಸಿಗಳಿಬ್ಬರು ಮೊದಲ ಸಲ ಭೇಟಿಯಾದಾಗ 'ನಿಮ್ಮ ಕಾಲ್ ಏನು ಸಾರ್?' ಎಂದೇ ಕೇಳುತ್ತಾರೆ, ಹೆಸರು ವಿಚಾರಿಸುವುದು ಆಮೇಲೆ. ಹಾಗಾಗಿ ಇಲ್ಲಿಯೂ ಬಳಕೆಯ ಮಾತನ್ನೇ ಇಟ್ಟುಕೊಂಡಿದ್ದೇನೆ.

ರೇಡಿಯೊ ಅಲೆಗಳನ್ನು ಹೊರಡಿಸುವ ಕೇಂದ್ರವೊಂದಕ್ಕೆ ಸರ್ಕಾರ ಕೊಡುವ, ಅದೇ ಕಾಲದಲ್ಲಿ ಜಗತ್ತಿನ ಬೇರೆ ಯಾವ ಕೇಂದ್ರಕ್ಕೂ ಇರದ ಗುರುತನ್ನು ಕಾಲ್‌ಸೈನ್ ಎನ್ನುತ್ತಾರೆ. ಹ್ಯಾಮ್‌ಗಳ ವಿಷಯದಲ್ಲಿ ಕೇಂದ್ರವೆಂದರೆ ದೊಡ್ಡ ಕಟ್ಟಡವೇನೂ ಅಲ್ಲ. ಮೇಜಿನ ಮೇಲೊಂದು ರಿಗ್ (ಮಾತು ಕಳಿಸುವ, ಕೇಳಿಸುವ ರೇಡಿಯೊ ಯಂತ್ರ), ತಾರಸಿಯ ಮೇಲೊಂದು ತಂತಿ ಇದ್ದರೆ ಮುಗಿಯಿತು. ಇದು ಅಡ್ಡಹೆಸರಿನಂತೆ ನಾವೇ ಇಟ್ಟುಕೊಳ್ಳುವಂಥದ್ದಲ್ಲ. ಈ ಕೇಂದ್ರ ಯಾವ ದೇಶದ ಕಾನೂನಿನ ಕೆಳಗೆ ನಡೆಯುತ್ತಿದೆ, ಮಾತಿಗೆ ಹೊಣೆ ಯಾರು ಎಂಬುದನ್ನು ಕೇಳುವವರೆಲ್ಲರಿಗೂ ಸಾರುವ ಗುರುತು ಇದು. ಗುಟ್ಟಾಗಿಡುವ ಸಂಗತಿಯೂ ಅಲ್ಲ, ಬಾಯಿ ಬಿಟ್ಟು ಹೇಳಲೇಬೇಕಾದ ಸಂಗತಿ.

ಕಾಲ್‌ಸೈನಿನಲ್ಲಿ ಮೂರು ತುಂಡುಗಳಿರುತ್ತವೆ: ಮೊದಲು ದೇಶವನ್ನು ಹೇಳುವ ಭಾಗ, ನಡುವೆ ಒಂದು ಅಂಕಿ, ಕೊನೆಗೆ ಆ ಕೇಂದ್ರಕ್ಕೆ ಮೀಸಲಾದ ಅಕ್ಷರಗಳು. ವಾಹನದ ನಂಬರ್ ಪ್ಲೇಟಿಗೆ ಹೋಲಿಸಿ ವಿವರಿಸುವುದು ವಾಡಿಕೆ. 'ಕೆಎ 05' ಎಂದರೆ ಕರ್ನಾಟಕದ ಜಯನಗರದ ಗಾಡಿ ಎಂದು ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಹೋಲಿಕೆ ಮೊದಲ ತುಂಡಿನವರೆಗೆ ಸರಿಯಾಗಿ ಹೊಂದುತ್ತದೆ, ಅಂಕಿಯ ಬಳಿ ಬಂದಾಗ ಕೈಕೊಡುತ್ತದೆ.

ಮೊದಲ ತುಂಡನ್ನು ಹಂಚಿಕೊಡುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಅದರ ಪಟ್ಟಿಯಲ್ಲಿ ಭಾರತಕ್ಕೆ ಮೂರು ಸರಣಿಗಳಿವೆ: 'ಎಟಿಎ'ಯಿಂದ 'ಎಡಬ್ಲ್ಯುಝಡ್'ವರೆಗೆ, 'ವಿಟಿಎ'ಯಿಂದ 'ವಿಡಬ್ಲ್ಯುಝಡ್'ವರೆಗೆ ಮತ್ತು '8ಟಿಎ'ಯಿಂದ '8ವೈಝಡ್'ವರೆಗೆ. ಇವು ಹ್ಯಾಮ್‌ಗಳಿಗಷ್ಟೇ ಸೇರಿದವಲ್ಲ, ದೇಶದ ಎಲ್ಲ ರೇಡಿಯೊ ಕೇಂದ್ರಗಳಿಗೂ ಸೇರಿದವು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯುವ ನಮ್ಮ ದೇಶದ ವಿಮಾನಗಳ ಹಿಂಭಾಗದಲ್ಲಿ 'ವಿಟಿ' ಎಂದು ಬರೆದಿರುವುದು ಇದೇ ಸರಣಿಯ ಇನ್ನೊಂದು ಮುಖ. ಆ 'ವಿಟಿ'ಗೆ 'ವೈಸರಾಯ್ಸ್ ಟೆರಿಟರಿ' ಎಂಬ ವಿಸ್ತರಣೆಯನ್ನು ಹೇಳುವವರು ಬಹಳ ಮಂದಿ ಇದ್ದಾರೆ, ಗುಲಾಮಗಿರಿಯ ಗುರುತೆಂದು ಸಿಟ್ಟಾಗುವವರೂ ಇದ್ದಾರೆ. ನನಗೆ ಇದು ಆಮೇಲೆ ಹೊಸೆದ ಅರ್ಥವೆಂದೇ ತೋರುತ್ತದೆ. ಬ್ರಿಟಿಷ್ ಸಾಮ್ರಾಜ್ಯದ ಭಾಗಗಳಿಗೆ 'ವಿ' ಅಕ್ಷರದಡಿ ಸಾಲಾಗಿ ಸರಣಿಗಳನ್ನು ಹಂಚಿದಾಗ 'ವಿಎ'ಯಿಂದ 'ವಿಜಿ'ವರೆಗಿನವು ಕೆನಡಾಕ್ಕೂ 'ವಿಎಚ್'ನಿಂದ 'ವಿಎನ್'ವರೆಗಿನವು ಆಸ್ಟ್ರೇಲಿಯಾಕ್ಕೂ ಹೋದವು, ಕೊನೆಯತ್ತ ಉಳಿದ 'ವಿಟಿ'ಯಿಂದ 'ವಿಡಬ್ಲ್ಯು'ವರೆಗಿನವು ಭಾರತದ ಪಾಲಿಗೆ ಬಂದವು. ಅಕ್ಷರಮಾಲೆಯ ಸಾಲಿನಲ್ಲಿ ಸಿಕ್ಕ ಜಾಗಕ್ಕೆ ವೈಸರಾಯರನ್ನು ಕರೆತರುವ ಅಗತ್ಯ ಕಾಣುವುದಿಲ್ಲ. ಈ ಪಾಲಿನಿಂದ ಹವ್ಯಾಸಿಗಳಿಗೆ ಸಿಕ್ಕಿರುವುದು 'ವಿಯು'. 'ಎಟಿ', 'ಎಯು' ಎಂದು ಶುರುವಾಗುವ ಕಾಲ್‌ಗಳು ವಿಶೇಷ ಸಂದರ್ಭಗಳಿಗೆ, ಸೀಮಿತ ಅವಧಿಗೆ ಸಿಗುತ್ತವೆ.

ದೇಶದ ಗುರುತು ಯಾಕೆ ಬೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1921ರಲ್ಲಿ ನಮ್ಮ ದೇಶದ ಮೊದಲ ಹ್ಯಾಮ್ ಎನಿಸಿಕೊಂಡ ಅಮರೇಂದ್ರ ಚಂದ್ರ ಗುಪ್ತು ಅವರ ಕಾಲ್‌ಸೈನ್ ಬರೀ '2ಜೆಕೆ'. ಅದೇ ವರ್ಷ ಅವರ ಹಿಂದೆಯೇ ಬಂದ ಮುಕುಲ್ ಬೋಸ್ ಅವರದು '2ಎಚ್‌ಕ್ಯೂ'. ಅದರಲ್ಲಿ ದೇಶದ ಸುಳಿವೇ ಇಲ್ಲ. ಊರಿನೊಳಗೆ, ಹೆಚ್ಚೆಂದರೆ ದೇಶದೊಳಗೆ ಮಾತು ಕೇಳಿಸುತ್ತಿದ್ದ ಕಾಲಕ್ಕೆ ಅಷ್ಟು ಸಾಕಿತ್ತು. ಆದರೆ 1924ರ ಅಕ್ಟೋಬರ್ 18ರಂದು ನ್ಯೂಜಿಲೆಂಡಿನ '4ಎಎ' ಮತ್ತು ಲಂಡನ್ನಿನ ಶಾಲೆಯೊಂದರ '2ಎಸ್‌ಝಡ್' ಕೇಂದ್ರಗಳು ಭೂಮಿಯ ಎರಡು ಬದಿಗಳಿಂದ ಮೋರ್ಸ್‌ನಲ್ಲಿ, ಅಂದರೆ ಚುಕ್ಕಿ-ಗೆರೆಗಳ ಸಂಕೇತದಲ್ಲಿ, ಮಾತಾಡಿಕೊಂಡ ಮೇಲೆ '2' ಎಂದರೆ ಯಾವ ದೇಶದ '2' ಎಂಬ ಪ್ರಶ್ನೆ ತಪ್ಪಿಸಿಕೊಳ್ಳಲಾಗದ್ದಾಯಿತು. ಹವ್ಯಾಸಿಗಳು ತಮ್ಮಷ್ಟಕ್ಕೆ ಮುಂದೊಂದು ಅಕ್ಷರ ಅಂಟಿಸಿಕೊಂಡು ಕೆಲವು ಕಾಲ ತಳ್ಳಿದರು. 1927ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಹವ್ಯಾಸಿಗಳ ಕಾಲ್‌ಸೈನ್‌ಗೂ ದೇಶದ ಗುರುತನ್ನು ಕಡ್ಡಾಯ ಮಾಡಿತು. ಈಗಿನ ರೂಪ ಅಲ್ಲಿಂದ ಬಂದದ್ದು.

ಇನ್ನು ಅಂಕಿ. ಅಮೆರಿಕದಲ್ಲಿ ಕಾಲ್‌ಸೈನ್ ಕೊಡುವಾಗ ಅಂಕಿಯಿಂದ ಪ್ರಾಂತ್ಯವನ್ನು ಗುರುತಿಸುತ್ತಾರೆ. ನಮ್ಮಲ್ಲಿ ಬೆಂಗಳೂರಿನವರದೂ ದೆಹಲಿಯವರದೂ ಗುವಾಹಟಿಯವರದೂ 'ವಿಯು2' ಆಗಿರಬಹುದು, ಯಾಕೆಂದರೆ ಮುಖ್ಯಭೂಮಿಯಲ್ಲಿ ಈ ಅಂಕಿ ಹೇಳುವುದು ಊರನ್ನಲ್ಲ, ಲೈಸೆನ್ಸಿನ ದರ್ಜೆಯನ್ನು. ಜನರಲ್ ದರ್ಜೆಯವರಿಗೆ 2, ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ 3. ದ್ವೀಪಗಳ ಮಟ್ಟಿಗೆ ಮಾತ್ರ ಅಂಕಿ ಜಾಗವನ್ನು ಹೇಳುತ್ತದೆ: 'ವಿಯು4' ಎಂದರೆ ಅಂಡಮಾನ್ ಮತ್ತು ನಿಕೋಬಾರ್, 'ವಿಯು7' ಎಂದರೆ ಲಕ್ಷದ್ವೀಪ. ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ ಭಾರತಿ ಪ್ರಸಾದ್ ಅವರದು. ಅವರ ಕಾಲ್ 'ವಿಯು2ಆರ್‌ಬಿಐ'. 2004ರ ಡಿಸೆಂಬರಿನಲ್ಲಿ ತಂಡ ಕಟ್ಟಿಕೊಂಡು ಪೋರ್ಟ್ ಬ್ಲೇರ್‌ಗೆ ಹೋದಾಗ ಅದು 'ವಿಯು4ಆರ್‌ಬಿಐ' ಆಯಿತು. ಡಿಸೆಂಬರ್ 26ರಂದು ಸುನಾಮಿ ಬಡಿದು ಉಳಿದ ಸಂಪರ್ಕ ಕಡಿದುಹೋದಾಗ ದ್ವೀಪದವರ ಕ್ಷೇಮಸಮಾಚಾರ ಮುಖ್ಯಭೂಮಿಗೆ ಮುಟ್ಟಿದ್ದು ಈ ತಂಡದ ರೇಡಿಯೊಗಳಿಂದ. ನಡುವಿನ ಅಂಕಿ ಒಂದೇ ಬದಲಾದದ್ದು, ಆದರೆ ಅದನ್ನು ಕೇಳಿದ ಪ್ರಪಂಚದ ಯಾವ ಹ್ಯಾಮ್‌ಗೂ ಮಾತು ಎಲ್ಲಿಂದ ಬರುತ್ತಿದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಬಾಂಗ್ಲಾದೇಶದ ಕಾಲ್‌ಗಳು 'ಎಸ್21' ಎಂದು, ಭೂತಾನದವು 'ಎ51' ಎಂದು, ಶ್ರೀಲಂಕಾದವು '4ಎಸ್7' ಎಂದು ಶುರುವಾಗುತ್ತವೆ. ಎರಡೆರಡು ಅಂಕಿಗಳಲ್ಲಿ ನಡುವಿನದು ಯಾವುದು? ಕೊನೆಯ ಅಂಕಿಯೇ ನಡುವಿನದು. ಅದಕ್ಕಿಂತ ಹಿಂದಿರುವುದೆಲ್ಲ ದೇಶದ ಭಾಗ. ಅಂದರೆ 'ಎಸ್2' ಎಂಬುದೇ ಬಾಂಗ್ಲಾದೇಶ, '4ಎಸ್' ಎಂಬುದೇ ಶ್ರೀಲಂಕಾ.

ಮೂರನೆಯ ತುಂಡಿನಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಅಕ್ಷರಗಳಿರುತ್ತವೆ. ಎರಡು ಅಕ್ಷರಗಳ ಜೋಡಣೆ ಒಟ್ಟು 676 ಮಾತ್ರ ಸಾಧ್ಯ, ಮೂರಾದರೆ 17,576. ಅದಕ್ಕೇ 'ವಿಯು2'ರ ಮುಂದೆ ಎರಡೇ ಅಕ್ಷರ ಕಂಡರೆ ಹಳೆಯ ಕೈ ಇರಬೇಕೆಂದು ಹವ್ಯಾಸಿಗಳು ಊಹಿಸುತ್ತಾರೆ, ಹಲವು ಸಲ ಊಹೆ ಸರಿಯೂ ಆಗುತ್ತದೆ. ಹೆಸರಿನ ಮೊದಲಕ್ಷರಗಳೇ ಬಂದಿರುವುದೂ ಉಂಟು. ರಾಜೀವ್ ಗಾಂಧಿಯವರ ಕಾಲ್ 'ವಿಯು2ಆರ್‌ಜಿ'. ಕ್ಲಬ್ಬುಗಳಿಗೂ ತಮ್ಮದೇ ಕಾಲ್ ಇರುತ್ತದೆ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದ ಹವ್ಯಾಸಿಗಳ 'ಉಪಗ್ರಹ ಅಮೆಚೂರ್ ರೇಡಿಯೊ ಕ್ಲಬ್'ನದು 'ವಿಯು2ಯುಆರ್‌ಸಿ'. ಹ್ಯಾಮ್‌ಗಳಿಗೆಂದೇ ಇಸ್ರೊ ನಿರ್ಮಿಸಿದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿ-ಸಿ6ರಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಮೇಲೇರಿತು. ಹವ್ಯಾಸಿ ಉಪಗ್ರಹಗಳ ಪಟ್ಟಿಯಲ್ಲಿ ಅದಕ್ಕೆ ಸಿಕ್ಕ ಹೆಸರು 'ವಿಯುಸ್ಯಾಟ್-ಆಸ್ಕರ್ 52'. ಮನೆಯ ಫಲಕದ ಮೇಲಿನ 'ವಿಯು' ಹೀಗೆ ಭೂಮಿಯನ್ನು ಸುತ್ತುತ್ತ ಒಂಬತ್ತು ವರ್ಷ ಕೆಲಸ ಮಾಡಿತು.

ಎಲ್ಲ ಅಕ್ಷರಜೋಡಣೆಗಳನ್ನೂ ಕೊಡುವಂತಿಲ್ಲ. ಯಾರದೋ ನಿಜವಾದ ಕಾಲ್ ಎಳೆದು ತರುವುದು ಬೇಡವೆಂದು ಉದಾಹರಣೆಗೆ 'ವಿಯು3ಕ್ಯೂಟಿಎಚ್' ಎಂದು ಬರೆಯುತ್ತೇನೆ. ಇದು ಯಾರಿಗೂ ಸಿಗಲಾರದು. 'ಕ್ಯೂ'ನಿಂದ ಶುರುವಾಗುವ ಮೂರಕ್ಷರಗಳು ರೇಡಿಯೊದವರ ಸಂಕ್ಷಿಪ್ತ ಭಾಷೆ. 'ಕ್ಯೂಟಿಎಚ್' ಎಂದರೆ 'ನಾನಿರುವ ಜಾಗ'. ಅದೇ ಒಬ್ಬರ ಕಾಲ್ ಆಗಿಬಿಟ್ಟರೆ ವಿಳಾಸ ಕೇಳುತ್ತಿದ್ದಾರೋ ಆಸಾಮಿಯನ್ನು ಕರೆಯುತ್ತಿದ್ದಾರೋ ತಿಳಿಯದು. 'ಎಸ್‌ಒಎಸ್' ಕೊಡದಿರುವುದಕ್ಕೆ ಕಾರಣ ಹೇಳಬೇಕಾಗಿಲ್ಲ.

ಪಡೆಯುವ ಬಗೆ ಹೀಗಿದೆ. ನಮ್ಮಲ್ಲಿ ಇದನ್ನೆಲ್ಲ ನಡೆಸುವುದು ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗ, ಹವ್ಯಾಸಿಗಳ ಬಾಯಲ್ಲಿ 'ಡಬ್ಲ್ಯುಪಿಸಿ'. 1978ರ ಹವ್ಯಾಸಿ ಸೇವಾ ನಿಯಮಗಳು ಮತ್ತು ಅವುಗಳಿಗೆ ಆಮೇಲೆ ಆದ ತಿದ್ದುಪಡಿಗಳಲ್ಲಿ ಎರಡು ದರ್ಜೆಗಳು, ಅವುಗಳ ಪಠ್ಯ, ಪಾಲಿಸಬೇಕಾದ ಶಿಸ್ತು ಎಲ್ಲವೂ ಇವೆ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು, ಅಂದರೆ ಪಿಯುಸಿ ವಿಜ್ಞಾನ ಓದಿರಲೇಬೇಕೆಂಬ ಅಂಜಿಕೆ ಬೇಡ. ಪರೀಕ್ಷೆಯಲ್ಲಿ ಎರಡು ಭಾಗ: ವಿದ್ಯುತ್, ಪ್ರಸಾರಕ, ಗ್ರಾಹಕ, ಆಂಟೆನಾಗಳ ತಿಳಿವಳಿಕೆ ಒಂದು, ನಿಯಮಗಳು ಮತ್ತು ನಡವಳಿಕೆ ಇನ್ನೊಂದು. ಜನರಲ್ ದರ್ಜೆ ಬೇಕೆಂದರೆ ಇವುಗಳ ಜೊತೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಕಳಿಸಲೂ ಬರಬೇಕು, ಕೇಳಿ ಬರೆದುಕೊಳ್ಳಲೂ ಬರಬೇಕು. ಒಂದು ಪದಕ್ಕೆ ಐದು ಅಕ್ಷರದ ಲೆಕ್ಕ, ಅಂದರೆ ನಿಮಿಷಕ್ಕೆ 40 ಅಕ್ಷರ. ಕೇಳುವುದಕ್ಕೆ ಕಷ್ಟವೆನಿಸಿದರೂ ದಿನಕ್ಕೆ ಅರ್ಧ ಗಂಟೆ ಕಿವಿಗೊಟ್ಟು ಕೂತರೆ ಕೆಲವು ತಿಂಗಳಲ್ಲಿ ಕೈಗೆ ಬರುತ್ತದೆ. ಪುಸ್ತಕ ನೋಡಿ ಚುಕ್ಕಿ, ಗೆರೆ ಎಂದು ಕಂಠಪಾಠ ಮಾಡಿದವರು ಮಾತ್ರ ಮೊದಲಿನಿಂದ ಮತ್ತೆ ಕಲಿಯಬೇಕಾಗುತ್ತದೆ. ಪರೀಕ್ಷೆ ನಡೆಸುವುದು ವೈರ್‌ಲೆಸ್ ಮಾನಿಟರಿಂಗ್ ಕೇಂದ್ರಗಳು, ಅಂಥದೊಂದು ಬೆಂಗಳೂರಿನಲ್ಲೂ ಇದೆ. ಅಭ್ಯಾಸಕ್ಕೆ ಈ ಊರಿನಲ್ಲಿ ಹಳೆಯ ಕ್ಲಬ್ಬುಗಳಿವೆ, ತರಗತಿ ನಡೆಸುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ.

ಪಾಸಾದವರಿಗೆ ಸಿಗುವ ಅರ್ಹತಾಪತ್ರ ಒಂದು, ಕೇಂದ್ರ ನಡೆಸುವ ಲೈಸೆನ್ಸ್ ಇನ್ನೊಂದು. ಕಾಲ್‌ಸೈನ್ ಬರುವುದು ಲೈಸೆನ್ಸಿನ ಮೇಲೆ. ಇಪ್ಪತ್ತು ವರ್ಷಕ್ಕೆ ಅಥವಾ ಜೀವಾವಧಿಗೆ ಅದನ್ನು ಪಡೆಯಬಹುದು. ಲೈಸೆನ್ಸಿನಲ್ಲಿ ಕೇಂದ್ರ ಇರುವ ವಿಳಾಸವೂ ದಾಖಲಾಗುವುದರಿಂದ ಬಾಡಿಗೆ ಮನೆ ಬದಲಿಸುವ ನಮ್ಮಂಥವರು ಗ್ಯಾಸು, ಬ್ಯಾಂಕುಗಳ ಜೊತೆ ಇದನ್ನೂ ನೆನಪಿಟ್ಟುಕೊಂಡು ಬದಲಿಸಬೇಕು. ವಿಳಾಸ ಬದಲಾದರೂ ಕಾಲ್ ಬದಲಾಗುವುದಿಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ) ತರಿಸಿಕೊಂಡು, ಕಾಲ್ ಆಮೇಲೆ ನೋಡಿದರಾಯಿತೆಂದು ಗುಂಡಿ ಒತ್ತುವವರನ್ನು ಕಂಡಿದ್ದೇನೆ. ಅದು ಕಾನೂನಿಗೂ ವಿರುದ್ಧ, ಹ್ಯಾಮ್‌ಗಳ ನಡುವೆ ಮರ್ಯಾದೆಯೂ ಅಲ್ಲ.

ಸಿಕ್ಕ ಕಾಲ್ ಅನ್ನು ಮಾತಿನ ಮೊದಲಿಗೂ ಕೊನೆಗೂ ಹೇಳಬೇಕು. ಮಾತು ಉದ್ದವಾದರೆ ಹತ್ತು ಹತ್ತು ನಿಮಿಷಕ್ಕೊಮ್ಮೆ ಮತ್ತೆ ಹೇಳಬೇಕು. ಕರಕರ ಸದ್ದಿನ ನಡುವೆ 'ಬಿ' ಯಾವುದು 'ಡಿ' ಯಾವುದು ತಿಳಿಯದ ಕಾರಣ ಅಕ್ಷರಗಳಿಗೆ ಪದಗಳನ್ನು ಕೊಟ್ಟಿದ್ದಾರೆ: ವಿಕ್ಟರ್, ಯೂನಿಫಾರ್ಮ್, ಬ್ರಾವೊ, ಡೆಲ್ಟಾ. ನಾನು ಮೊದಲ ದಿನ ಊರಿನ ರಿಪೀಟರಿಗೆ (ಸಣ್ಣ ರೇಡಿಯೊಗಳ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ) ಬಂದಾಗ 'ವಿಕ್ಟರ್ ಯೂನಿಫಾರ್ಮ್ ತ್ರೀ' ಎನ್ನುವವರೆಗೆ ಸಲೀಸಾಗಿ ಹೋಗಿ, ಮುಂದಿನ ನನ್ನದೇ ಅಕ್ಷರಕ್ಕೆ ಪದ ಹೊಳೆಯದೆ ಗುಂಡಿ ಒತ್ತಿಕೊಂಡೇ ನಿಂತಿದ್ದೆ. ಆ ಕಡೆಯಿಂದ ಹಿರಿಯರೊಬ್ಬರು 'ನಿಧಾನ, ಕಾಗದದ ಮೇಲೆ ಬರೆದಿಟ್ಕೊಳ್ಳಿ' ಎಂದರು. ಆ ಚೀಟಿ ಇನ್ನೂ ರಿಗ್ಗಿನ ಮೇಲೆ ಅಂಟಿಕೊಂಡಿದೆ.

ಮೋರ್ಸ್‌ನಲ್ಲಿ ಈ ತೊಡಕಿಲ್ಲ, ಅಲ್ಲಿ ಕಾಲ್‌ಸೈನಿಗೆ ತಾಳವಿರುತ್ತದೆ. ಚುಕ್ಕಿಯ ಗಿಡ್ಡ ಸದ್ದು ಡಿ, ಗೆರೆಯ ಉದ್ದ ಸದ್ದು ಡಾ. 'ವಿ' ಎಂದರೆ ಡಿ-ಡಿ-ಡಿ-ಡಾ, 'ಯು' ಎಂದರೆ ಡಿ-ಡಿ-ಡಾ. ಇವೆರಡು ಒಂದರ ಹಿಂದೊಂದು ಬಂದರೆ ನಮ್ಮ ದೇಶದವರೆಂದು ಕಿವಿ ನೆಟ್ಟಗಾಗುತ್ತದೆ. ಆಮೇಲೆ ಕಾಯಬೇಕಾದದ್ದು ಅಂಕಿಗೆ: ಎರಡು ಡಿ ಆಗಿ ಡಾ ಶುರುವಾದರೆ 2, ಮೂರು ಡಿ ಆದ ಮೇಲೆ ಬಂದರೆ 3, ನಾಲ್ಕು ಡಿ ಆಗಿ ಕೊನೆಗೆ ಒಂದೇ ಡಾ ಬಂದರೆ ಅಂಡಮಾನ್. ಮೊದಲಿಗೇ ಎರಡು ಡಾ ಎಳೆದು ಆಮೇಲೆ ಮೂರು ಡಿ ಕೇಳಿಸಿದರೆ ಯಾರೋ ಲಕ್ಷದ್ವೀಪದಲ್ಲಿ ಆಂಟೆನಾ ಏರಿಸಿದ್ದಾರೆ ಎಂದರ್ಥ, ಕಾಫಿ ಆರಿದರೂ ಸರಿಯೇ ಎಂದು ಪೆನ್ಸಿಲ್ ಕೈಗೆತ್ತಿಕೊಳ್ಳಬೇಕು.