ಮೂರು ಪರ್ಸೆಂಟ್‌ಗೆ ಏರಿ ಸೊನ್ನೆಗೆ ಬಿದ್ದದ್ದು ಯಾಕೆ? ಕ್ಷುದ್ರಗ್ರಹಗಳ ಜಾಡು ಹಿಡಿಯುವ ಇನ್ನೂರು ವರ್ಷದ ಕತೆ

2025ರ ಫೆಬ್ರವರಿಯಲ್ಲಿ ಟಿವಿ ಚಾನೆಲ್‌ಗಳಿಗೆ ಸುಗ್ಗಿಯೋ ಸುಗ್ಗಿ. 2024 ವೈಆರ್4 ಎಂಬ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯಬಹುದು ಎಂಬ ಸುದ್ದಿ. ಜನವರಿ ಕೊನೆಗೆ ಸಾಧ್ಯತೆ 1 ಪರ್ಸೆಂಟ್ ದಾಟಿತ್ತು. ಫೆಬ್ರವರಿ 18ಕ್ಕೆ ನಾಸಾ ಲೆಕ್ಕದಲ್ಲಿ 3.1 ಆಯಿತು. ಬಿದ್ದರೆ ಎಲ್ಲಿ ಬೀಳಬಹುದು ಎಂದು ಎಳೆದ ಗೆರೆ ಪೆಸಿಫಿಕ್‌ನಿಂದ ಶುರುವಾಗಿ ಆಫ್ರಿಕಾ, ಅರಬ್ಬಿ ಸಮುದ್ರ ದಾಟಿ ದಕ್ಷಿಣ ಏಷ್ಯಾದವರೆಗೂ ಬರುತ್ತಿತ್ತು, ಹಾಗಾಗಿ ನಮ್ಮವರು ಕಿವಿ ನಿಮಿರಿಸಿದ್ದರಲ್ಲಿ ತಪ್ಪೇನಿಲ್ಲ. ಆಮೇಲೆ ಒಂದೇ ವಾರ. ಫೆಬ್ರವರಿ 24ಕ್ಕೆ ಅದು 0.004 ಪರ್ಸೆಂಟ್.

ಏನೋ ಮುಚ್ಚಿಡುತ್ತಿದ್ದಾರೆ ಅಂತ ಕೆಲವರು. ಇವರಿಗೆ ಲೆಕ್ಕವೇ ಬರಲ್ಲ ಅಂತ ಇನ್ನು ಕೆಲವರು. ಎರಡೂ ಅಲ್ಲ. ಲೆಕ್ಕ ಸರಿಯಾಗಿ ನಡೆದಾಗ ಆಗುವುದೇ ಹೀಗೆ.

ಕ್ರಿಕೆಟ್ ನೋಡುವವರಿಗೆ ಇದು ಬೇಗ ಹಿಡಿಸುತ್ತದೆ. ಎಲ್‌ಬಿಡಬ್ಲ್ಯೂ ಕೇಳಿದಾಗ, ಚೆಂಡು ಪಿಚ್ ಆದ ತಕ್ಷಣ ಪ್ಯಾಡಿಗೆ ಬಡಿದಿದ್ದರೆ ಬಾಲ್ ಟ್ರ್ಯಾಕಿಂಗ್‌ಗೆ ಸಿಗುವುದು ಚೋಟುದ್ದದ ದಾರಿ, ಊಹಿಸಬೇಕಾದದ್ದು ಉದ್ದದ ದಾರಿ. ಕ್ಷುದ್ರಗ್ರಹದ್ದೂ ಅದೇ ಪಾಡು. ಕೆಲವು ವಾರ ಕಂಡದ್ದನ್ನು ಇಟ್ಟುಕೊಂಡು ಏಳು ವರ್ಷ ಮುಂದಕ್ಕೆ ಎಳೆಯಬೇಕು. ಆ ದಿನ ಅದು ಎಲ್ಲಿರಬಹುದು ಎಂದರೆ ಒಂದು ಬಿಂದು ಸಿಗುವುದಿಲ್ಲ, ಲಕ್ಷಾಂತರ ಕಿಲೋಮೀಟರ್ ಉದ್ದದ ಒಂದು ಪಟ್ಟೆ ಸಿಗುತ್ತದೆ. ಆ ಪಟ್ಟೆಯೊಳಗೆ ಭೂಮಿಯೂ ಇದ್ದರೆ, ಪಟ್ಟೆಯ ಎಷ್ಟು ಪಾಲನ್ನು ಭೂಮಿ ಮುಚ್ಚಿದೆಯೋ ಹೆಚ್ಚುಕಡಿಮೆ ಅದೇ ಸಾಧ್ಯತೆ. ಹೊಸ ಅಳತೆ ಬಂದಂತೆ ಪಟ್ಟೆ ಕುಗ್ಗುತ್ತದೆ. ಭೂಮಿ ಕುಗ್ಗುವುದಿಲ್ಲ, ಅಲ್ವಾ? ಹಾಗಾಗಿ ಪಾಲು ಏರುತ್ತದೆ. ಕೊನೆಗೆ ಪಟ್ಟೆಯ ತುದಿ ಭೂಮಿಯನ್ನು ಬಿಟ್ಟು ಆಚೆ ಸರಿದ ದಿನ ಒಂದೇ ಏಟಿಗೆ ಸೊನ್ನೆಯ ಹತ್ತಿರ. ಸರಿಯದೇ ಹೋದರೆ ನೂರರ ಕಡೆಗೆ. ನಿಜವಾದ ಡಿಕ್ಕಿಗೂ ಸುಳ್ಳು ಗಾಬರಿಗೂ ಮೊದಲ ಅರ್ಧ ಒಂದೇ ಥರ ಕಾಣುತ್ತದೆ, ಕಷ್ಟ ಇರುವುದು ಅಲ್ಲೇ.

ಈ ತಲೆನೋವು ಹೊಸದಲ್ಲ. ಮೊಟ್ಟಮೊದಲ ಕ್ಷುದ್ರಗ್ರಹದಿಂದಲೇ ಇದೆ.

1801ರ ಜನವರಿ 1. ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜಿ ನಕ್ಷತ್ರಗಳ ಪಟ್ಟಿ ಮಾಡುತ್ತಿದ್ದರು. ವೃಷಭ ರಾಶಿಯಲ್ಲಿ ಪಟ್ಟಿಯಲ್ಲಿಲ್ಲದ ಒಂದು ಚುಕ್ಕಿ ಕಂಡಿತು. ಮರುದಿನ ನೋಡಿದರೆ ಜಾಗ ಬದಲಾಗಿದೆ. ಅದಕ್ಕೆ ಸೆರೆಸ್ ಎಂದು ಹೆಸರಾಯಿತು. ಫೆಬ್ರವರಿ 11ರವರೆಗೆ ನೋಡಿದರು, ಆಮೇಲೆ ಕಾಯಿಲೆ ಬಿದ್ದರು. ಅಷ್ಟರಲ್ಲಿ ಸೆರೆಸ್ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಕೈಯಲ್ಲಿ ಉಳಿದದ್ದು ಆಕಾಶದಲ್ಲಿ ಬರೀ ಮೂರು ಡಿಗ್ರಿಯಷ್ಟು ದಾರಿ. ತಿಂಗಳುಗಳ ನಂತರ ಅದು ಆಚೆ ಬದಿಯಲ್ಲಿ ಹೊರಬಂದಾಗ ಎಲ್ಲಿ ಹುಡುಕುವುದು? ಆಕಾಶದಲ್ಲಿ ಅಂಥ ಮಂಕು ಚುಕ್ಕಿಗಳು ಸಾವಿರ ಸಾವಿರ.

ಇಲ್ಲಿ ಬಂದವನು 24 ವರ್ಷದ ಜರ್ಮನ್ ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗೌಸ್. ಟೆಲಿಸ್ಕೋಪ್ ಹೇಳುವುದು ದಿಕ್ಕು ಮಾತ್ರ, ದೂರ ಹೇಳುವುದಿಲ್ಲ. ಒಂದು ದಿಕ್ಕು ಎಂದರೆ ಎರಡು ಸಂಖ್ಯೆ. ಒಂದು ಕಕ್ಷೆಯನ್ನು ಪೂರ್ತಿ ಹೇಳಲು ಆರು ಸಂಖ್ಯೆ ಬೇಕು: ಎಷ್ಟು ದೊಡ್ಡದು, ಎಷ್ಟು ಚಪ್ಪಟೆ, ಎಷ್ಟು ಓರೆ, ಯಾವ ಕಡೆ ಮುಖ ಮಾಡಿದೆ, ಒಂದು ನಿಗದಿತ ದಿನ ಕಾಯ ಎಲ್ಲಿತ್ತು, ಹೀಗೆ. ಹಾಗಾದರೆ ಬೇರೆ ಬೇರೆ ದಿನದ ಮೂರು ನೋಟ ಇದ್ದರೆ ಸಾಕು. ಹೇಳಲು ಸುಲಭ, ಬಿಡಿಸಲು ಕಷ್ಟ, ಯಾಕೆಂದರೆ ನೋಡುವ ಭೂಮಿಯೂ ಓಡುತ್ತಿರುತ್ತದೆ. ಗೌಸ್ ಬಿಡಿಸಿದ. ಬೇರೆಯವರು ಹೇಳಿದ್ದಕ್ಕಿಂತ ದೂರದ ಜಾಗ ತೋರಿಸಿದ. 1801ರ ಡಿಸೆಂಬರ್ 31ರ ರಾತ್ರಿ ಖಗೋಳಜ್ಞ ವಾನ್ ಜಾಕ್, ಅದರ ಬೆನ್ನಿಗೇ ಇನ್ನೊಬ್ಬ ಖಗೋಳಜ್ಞ ಓಲ್ಬರ್ಸ್, ಗೌಸ್ ಹೇಳಿದ ಜಾಗದ ಹತ್ತಿರವೇ ಸೆರೆಸನ್ನು ಹಿಡಿದರು. ಮೊದಲ ಕಕ್ಷೆ ಕಟ್ಟಲು ಇವತ್ತಿನ ಕಂಪ್ಯೂಟರುಗಳೂ ಬಳಸುವ ದಾರಿಗಳಲ್ಲಿ ಅವನ ವಿಧಾನದ ಸುಧಾರಿತ ರೂಪವೂ ಒಂದು.

ಅಲ್ಲಿಂದ ಮುಂದೆ ಹುಡುಕಾಟ ಜೋರಾಯಿತು. ನಮ್ಮ ಕಡೆಯೂ. ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ 1861ರಲ್ಲಿ ಹೊಸತೊಂದನ್ನು ಕಂಡು ಅದಕ್ಕೆ ಏಷ್ಯಾ ಎಂದೇ ಹೆಸರಿಟ್ಟರು. ಆಗೆಲ್ಲ ಕಣ್ಣಲ್ಲೇ ನೋಡಿ ನಕ್ಷೆಗೆ ಹೋಲಿಸಬೇಕಿತ್ತು. 1891ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ಮ್ಯಾಕ್ಸ್ ವೋಲ್ಫ್ ಕ್ಯಾಮೆರಾ ತಂದ ಮೇಲೆ ಆಟವೇ ಬದಲಾಯಿತು. ಹೊತ್ತುಗಟ್ಟಲೆ ಬೆಳಕಿಗೆ ಒಡ್ಡಿದ ಫೋಟೋದಲ್ಲಿ ನಕ್ಷತ್ರ ಚುಕ್ಕಿಯಾಗಿ, ಕ್ಷುದ್ರಗ್ರಹ ಪುಟ್ಟ ಗೆರೆಯಾಗಿ ಮೂಡುತ್ತದೆ. ಎಷ್ಟು ಸಿಕ್ಕಿದವೆಂದರೆ, ಬೇರೇನೋ ಫೋಟೋ ತೆಗೆಯುವವರಿಗೆ ಇವು ಕಾಟವಾಗಿ, ಆಕಾಶದ ಹುಳುಗಳು ಎಂದು ಬೈಸಿಕೊಂಡವು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಿಂದ 1988ರಲ್ಲಿ ಕಂಡುಹಿಡಿದ 4130 ರಾಮಾನುಜನ್ ಕೂಡ ಫೋಟೋದಲ್ಲಿ ಸಿಕ್ಕಿದ್ದೇ.

ಆದರೆ ಕಂಡದ್ದೆಲ್ಲ ಉಳಿಯಲಿಲ್ಲ. 1937ರ ಅಕ್ಟೋಬರ್‌ನಲ್ಲಿ ಅದೇ ಹೈಡಲ್‌ಬರ್ಗ್‌ನಲ್ಲಿ ಕಾರ್ಲ್ ರೈನ್ಮುತ್ ಕಂಡ ಹರ್ಮೀಸ್, ಚಂದ್ರ ಇರುವ ದೂರದ ಸುಮಾರು ಎರಡರಷ್ಟು ದೂರದಲ್ಲಿ ಭೂಮಿಯನ್ನು ಹಾದುಹೋಯಿತು. ನೋಡಲು ಸಿಕ್ಕಿದ್ದು ಕೆಲವೇ ದಿನ. ಅಷ್ಟರಲ್ಲಿ ನಂಬುವಂಥ ಕಕ್ಷೆ ಕಟ್ಟಲಾಗಲಿಲ್ಲ. ಮತ್ತೆ ಸಿಕ್ಕಿದ್ದು 2003ರಲ್ಲಿ, 66 ವರ್ಷದ ಮೇಲೆ! ಹಿಂದಕ್ಕೆ ಲೆಕ್ಕ ಹಾಕಿದಾಗ 1942ರಲ್ಲಿ ಅದು ಇನ್ನೂ ಹತ್ತಿರ ಬಂದು ಹೋಗಿತ್ತೆಂದು ಗೊತ್ತಾಯಿತು. ಯಾರೂ ನೋಡಿರಲಿಲ್ಲ. ಅದಕ್ಕೇ ಈ ಕೆಲಸದಲ್ಲಿ ಮೊದಲು ನೋಡಿದವರಿಗಿಂತ ಎರಡನೇ, ಮೂರನೇ ಸಲ ನೋಡಿದವರಿಗೇ ನನ್ನ ಮರ್ಯಾದೆ ಜಾಸ್ತಿ. ಅವರ ಹೆಸರು ಯಾರೂ ಕೇಳುವುದಿಲ್ಲ. ಜಗತ್ತಿನ ಎಲ್ಲ ಕಡೆಯ ಇಂಥ ಅಳತೆಗಳು, ಹವ್ಯಾಸಿಗಳವೂ ಸೇರಿ, 1947ರಲ್ಲಿ ಶುರುವಾದ ಮೈನರ್ ಪ್ಲಾನೆಟ್ ಸೆಂಟರ್‌ಗೆ ಹೋಗುತ್ತವೆ.

ಆ ಕೇಂದ್ರದಿಂದಲೇ 1998ರ ಮಾರ್ಚ್ 11ರಂದು ದೊಡ್ಡ ಗಲಾಟೆ. 1997 ಎಕ್ಸ್‌ಎಫ್11 ಎಂಬುದು 2028ರ ಅಕ್ಟೋಬರ್‌ನಲ್ಲಿ 50,000 ಕಿಲೋಮೀಟರಿಗಿಂತ ಹತ್ತಿರ ಬರಬಹುದು ಎಂದು ಪ್ರಕಟಣೆ. ಮರುದಿನವೇ ಅಮೆರಿಕದ ಪಾಲೊಮಾರ್‌ನಲ್ಲಿ 1990ರಲ್ಲಿ ತೆಗೆದಿದ್ದ ಹಳೇ ಫಿಲ್ಮಿನಲ್ಲಿ ಅದೇ ಕಾಯ ಸಿಕ್ಕಿತು. ಕೆಲವು ತಿಂಗಳ ದಾರಿ ಒಂದೇ ದಿನದಲ್ಲಿ ಎಂಟು ವರ್ಷದ ದಾರಿ ಆಯಿತು. ದೂರ ಒಂಬತ್ತು ಲಕ್ಷ ಕಿಲೋಮೀಟರ್ ದಾಟಿತು. ಹಳೆಯ ಅಳತೆಗಳನ್ನೇ ಇನ್ನೂ ನಾಜೂಕಾಗಿ ಲೆಕ್ಕ ಹಾಕಿದ್ದರೂ ಡಿಕ್ಕಿ ಇಲ್ಲ ಎಂದು ಹೇಳಬಹುದಿತ್ತು ಎಂದು ನಾಸಾದ ಜೆಪಿಎಲ್ ಪ್ರಯೋಗಾಲಯದವರು ತೋರಿಸಿಕೊಟ್ಟರು. ಮುಂದಿನ ವರ್ಷ ಅಪಾಯವನ್ನು 0ರಿಂದ 10ರವರೆಗೆ ಅಳೆಯುವ ಟೊರಿನೊ ಮಾಪಕ ಜಾರಿಗೆ ಬಂತು.

ಆ ಮಾಪಕದಲ್ಲಿ 4 ಮುಟ್ಟಿದ್ದು ಇಲ್ಲಿಯವರೆಗೆ ಒಂದೇ ಒಂದು, ಅಪೋಫಿಸ್. 2004ರ ಜೂನ್ 19ರಂದು ಕಂಡು, ಎರಡೇ ರಾತ್ರಿ ನೋಡಿ, ಕಳೆದುಹೋಗಿ, ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದಿಂದ ಮತ್ತೆ ಸಿಕ್ಕಿತು. ಡಿಸೆಂಬರ್ 27ಕ್ಕೆ 2029ರ ಡಿಕ್ಕಿಯ ಸಾಧ್ಯತೆ 2.7 ಪರ್ಸೆಂಟ್. ಇದು ನಿಮಗೆ ನೆನಪಿಲ್ಲ, ಅಲ್ವಾ? ಹಿಂದಿನ ದಿನವಷ್ಟೇ ಸುನಾಮಿ ಬಂದಿತ್ತು. ಆಗ ಆಕಾಶದ ಕಡೆ ಯಾರ ಗಮನ ಇದ್ದೀತು? ಅದೇ ದಿನ, ಆ ವರ್ಷದ ಮಾರ್ಚ್‌ನ ಹಳೇ ಚಿತ್ರಗಳಲ್ಲಿ ಅಪೋಫಿಸ್ ಸಿಕ್ಕಿ 2029ರ ಭಯ ಹೋಯಿತು.

2036ರ ಭಯ ಮಾತ್ರ ಉಳಿಯಿತು. 2029ರಲ್ಲಿ ಅದು ಸುಮಾರು 600 ಮೀಟರ್ ಅಗಲದ ಒಂದು ಕಿಂಡಿಯೊಳಗೆ ಹಾದರೆ, ಭೂಮಿಯ ಸೆಳೆತ ಅದರ ದಾರಿಯನ್ನು ಸರಿಯಾಗಿ ಏಳು ವರ್ಷದ ನಂತರದ ಡಿಕ್ಕಿಗೆ ತಿರುಗಿಸಬಹುದಿತ್ತು. ಕಿಂಡಿ ಇಷ್ಟು ಸಣ್ಣದಾದಾಗ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಕಾದ ಕಲ್ಲು ಶಾಖ ಹೊರಬಿಡುವಾಗ ತೀರಾ ಸಣ್ಣದೊಂದು ತಳ್ಳು ಕೊಡುತ್ತದೆ. ಯಾರ್ಕೋವ್ಸ್ಕಿ ಪರಿಣಾಮ ಎಂದು ಹೆಸರು. ಅಪೋಫಿಸ್‌ನ ಕಕ್ಷೆ ಇದರಿಂದ ವರ್ಷಕ್ಕೆ ಸುಮಾರು 170 ಮೀಟರ್ ಸರಿಯುತ್ತಿದೆ ಎಂದು 2020ರಲ್ಲಿ ಅಳೆದರು. 2021ರ ಮಾರ್ಚ್‌ನಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್ ರೇಡಾರ್ ಕೊಟ್ಟ ಅಳತೆಯ ನಂತರ ಮುಂದಿನ ನೂರು ವರ್ಷ ಅಪಾಯವಿಲ್ಲ ಎಂದು ನಾಸಾ ಹೇಳಿತು. ರೇಡಾರ್ ದೂರವನ್ನೇ ನೇರವಾಗಿ ಅಳೆಯುತ್ತದೆ, ಗೌಸ್‌ಗೆ ಇಲ್ಲದಿದ್ದ ಅನುಕೂಲ ಅದೇ.

ಈ ಲೆಕ್ಕಗಳನ್ನು ಎಷ್ಟು ನಂಬಬಹುದು ಎನ್ನುವವರಿಗೆ 2008ರ ಅಕ್ಟೋಬರ್ ನೆನಪಿಸುತ್ತೇನೆ. ಸುಮಾರು 4 ಮೀಟರಿನ 2008 ಟಿಸಿ3 ಎಂಬ ಬಂಡೆ ಬೀಳಲು ಇನ್ನೂ ಒಂದು ದಿನವೂ ಇಲ್ಲದಾಗ ಕಣ್ಣಿಗೆ ಬಿತ್ತು. ಉತ್ತರ ಸುಡಾನ್‌ನಲ್ಲಿ ಬೀಳುತ್ತದೆ ಎಂದರು, ಅಲ್ಲೇ ಬಿತ್ತು. ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮರುಭೂಮಿಯಲ್ಲಿ ನಡೆದು ಚೂರುಗಳನ್ನು ಹೆಕ್ಕಿ ತಂದರು.

ಎದುರು ಉದಾಹರಣೆಯೂ ಇದೆ. 2013ರ ಫೆಬ್ರವರಿ 15ರಂದು ಎಲ್ಲರೂ 2012 ಡಿಎ14 ಎಂಬ ಕ್ಷುದ್ರಗ್ರಹ ಹಾದುಹೋಗುವುದನ್ನು ಕಾಯುತ್ತಿದ್ದರು. ಅದು ಹೇಳಿದ ಹೊತ್ತಿಗೆ, ಹೇಳಿದ ದಾರಿಯಲ್ಲೇ ಹೋಯಿತು. ಅದೇ ದಿನ ಬೆಳಗ್ಗೆ ಯಾರ ಪಟ್ಟಿಯಲ್ಲೂ ಇಲ್ಲದ, ಸುಮಾರು 20 ಮೀಟರಿನ ಬಂಡೆಯೊಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನರಿಗೆ ಗಾಯ, ಬಹುಪಾಲು ಒಡೆದ ಕಿಟಕಿ ಗಾಜಿನಿಂದ. ಅದು ಬಂದದ್ದು ಸೂರ್ಯನ ಕಡೆಯಿಂದ. ನೆಲದ ಮೇಲಿನ ಟೆಲಿಸ್ಕೋಪ್‌ಗಳು ರಾತ್ರಿ ನೋಡುತ್ತವೆ, ಹಗಲಿನ ಕಡೆಯಿಂದ ಬರುವವು ಅವಕ್ಕೆ ಕಾಣುವುದಿಲ್ಲ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರಲ್ಲಿ ತನ್ನ ಮೊದಲ 10 ಗಂಟೆಯಷ್ಟು ಚಿತ್ರಗಳಲ್ಲೇ 2,104 ಹೊಸ ಕ್ಷುದ್ರಗ್ರಹ ಕಂಡರೂ ಈ ಕುರುಡು ಜಾಗ ಅದಕ್ಕೂ ತಪ್ಪಿದ್ದಲ್ಲ. ಅದಕ್ಕೆಂದೇ ನಾಸಾ ನಿಯೋ ಸರ್ವೇಯರ್ ಎಂಬ ಇನ್ಫ್ರಾರೆಡ್ ಟೆಲಿಸ್ಕೋಪನ್ನು ಬಾಹ್ಯಾಕಾಶಕ್ಕೆ ಕಳಿಸಲು ತಯಾರಿ ನಡೆಸಿದೆ. ಅದು ಸೂರ್ಯನಿಗೆ ಇನ್ನಷ್ಟು ಹತ್ತಿರದ ಆಕಾಶದಲ್ಲಿ, ಬಂಡೆಗಳನ್ನು ಅವುಗಳ ಶಾಖದಿಂದಲೇ ಹುಡುಕಲಿದೆ.