ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್ ತೀರ್ಪು: ಯಾರಿಗೆ ಅನ್ವಯ, ಎಷ್ಟು ಅನ್ವಯ?

ಬ್ರಿಟನ್ನಿನಲ್ಲಿ ಯಾರನ್ನೋ ಅನ್ಯಾಯವಾಗಿ ಕೆಲಸದಿಂದ ತೆಗೆದರೆ, ಸಂಬಳ ಹಿಡಿದರೆ, ತಾರತಮ್ಯ ಮಾಡಿದರೆ ದೂರು ಹೋಗುವುದು ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್‌ಗೆ. 1964ರ ಕಾನೂನಿನಿಂದ ಹುಟ್ಟಿದಾಗ ಅದರ ಹೆಸರು ಇಂಡಸ್ಟ್ರಿಯಲ್ ಟ್ರಿಬ್ಯುನಲ್. 1998ರಲ್ಲಿ ಈಗಿನ ಹೆಸರು ಬಂತು. ಉತ್ತರ ಐರ್ಲೆಂಡ್‌ನದು ಬೇರೆಯೇ ವ್ಯವಸ್ಥೆ, ಅದನ್ನು ಬಿಡಿ.

ಇದರ ತೀರ್ಪು ಬಂದಾಗಲೆಲ್ಲ "ಇನ್ನು ಮುಂದೆ ಎಲ್ಲ ಕಂಪನಿಗಳೂ ಹೀಗೇ ಮಾಡಬೇಕು" ಅಂತ ಸುದ್ದಿ ಹರಿದಾಡುತ್ತದೆ. ಅಷ್ಟಿಲ್ಲ. ಟ್ರಿಬ್ಯುನಲ್ ತೀರ್ಪು ಆ ಕೇಸಿನ ಎರಡೂ ಕಡೆಯವರಿಗೆ ಮಾತ್ರ ಕಡ್ಡಾಯ. ಅದೇ ತರಹದ ಇನ್ನೊಂದು ಕೇಸಿನಲ್ಲಿ ಬೇರೆ ಟ್ರಿಬ್ಯುನಲ್ ಬೇರೆ ರೀತಿ ಹೇಳಬಹುದು. ಮೇಲ್ಮನವಿಗೆ ಇರುವ ಎಂಪ್ಲಾಯ್‌ಮೆಂಟ್ ಅಪೀಲ್ ಟ್ರಿಬ್ಯುನಲ್, ಅದರ ಮೇಲಿನ ಕೋರ್ಟ್ ಆಫ್ ಅಪೀಲ್, ಸುಪ್ರೀಂ ಕೋರ್ಟ್ ಹೇಳಿದ್ದು ಮಾತ್ರ ಕೆಳಗಿನ ಎಲ್ಲರಿಗೂ ಅನ್ವಯ.

ಉಬರ್ ಕೇಸನ್ನೇ ನೋಡಿ. ಚಾಲಕರು ಸ್ವಂತ ವ್ಯವಹಾರ ನಡೆಸುವವರಲ್ಲ, ಕನಿಷ್ಠ ವೇತನ ಮತ್ತು ಸಂಬಳಸಹಿತ ರಜೆಗೆ ಹಕ್ಕಿರುವ 'ವರ್ಕರ್'ಗಳು ಅಂತ ಟ್ರಿಬ್ಯುನಲ್ ಹೇಳಿದ್ದು 2016ರಲ್ಲಿ. ಆಗ ಉಳಿದ ಮಾಲೀಕರು "ಅದು ಅವರ ತಲೆನೋವು" ಅಂತ ಸುಮ್ನೆ ಕೂರಬಹುದಿತ್ತು. ಉಬರ್ ಮೇಲೆ ಮೇಲೆ ಹೋಗುತ್ತಾ, ಪ್ರತಿ ಮೆಟ್ಟಿಲಲ್ಲೂ ಸೋಲುತ್ತಾ, 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತ ಮೇಲೆ ಅದು ಎಲ್ಲರ ತಲೆನೋವಾಯಿತು. ಬಾಡಿಗೆ ನಿಗದಿ ಮಾಡುವವರು ಯಾರು, ಕರಾರಿನ ಷರತ್ತು ಬರೆಯುವವರು ಯಾರು, ರೇಟಿಂಗ್ ಕಡಿಮೆಯಾದರೆ ಹೊರಗೆ ಹಾಕುವವರು ಯಾರು ಅಂತ ಕೋರ್ಟ್ ನೋಡಿತು. ಕಾಗದದ ಮೇಲೆ ಏನೇ ಹೆಸರು ಕೊಟ್ಟುಕೊಂಡಿರಲಿ, ನಡೆಯುವುದೇನು ಅನ್ನುವುದೇ ಮುಖ್ಯ.

ಅಂದರೆ ಕೆಳಹಂತದ ಟ್ರಿಬ್ಯುನಲ್ ತೀರ್ಪನ್ನು ಓದುವುದೇ ದಂಡ ಅಂತಲ್ಲ. ಯಾರು ಗೆದ್ದರು ಅನ್ನುವುದಕ್ಕಿಂತ ಮಾಲೀಕರು ಎಲ್ಲಿ ಎಡವಿದರು ಅನ್ನುವುದನ್ನು ನೋಡಬೇಕು, ನನ್ನ ಪ್ರಕಾರ.

ವಜಾ ಕೇಸುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. "ನಾನಾಗಿದ್ದರೆ ತೆಗೆಯುತ್ತಿದ್ದೆನಾ?" ಅಂತ ನ್ಯಾಯಾಧೀಶರು ಕೇಳಿಕೊಳ್ಳುವ ಹಾಗಿಲ್ಲ. ಅದೇ ಸ್ಥಿತಿಯಲ್ಲಿ ವಿವೇಕ ಇರುವ ಮಾಲೀಕರೊಬ್ಬರು ಹೀಗೆ ಮಾಡಬಹುದಿತ್ತಾ ಅನ್ನುವುದಷ್ಟೇ ಪ್ರಶ್ನೆ. ಒಬ್ಬರು ಕದ್ದರು ಅನ್ನುವ ಅನುಮಾನವಿದ್ದರೆ ಪೊಲೀಸರ ಮಟ್ಟದ ಸಾಕ್ಷಿ ಬೇಕಿಲ್ಲ. ಮಾಲೀಕರು ಪ್ರಾಮಾಣಿಕವಾಗಿ ನಂಬಿರಬೇಕು, ನಂಬಲು ಕಾರಣ ಇರಬೇಕು, ತಕ್ಕಮಟ್ಟಿಗೆ ವಿಚಾರಣೆ ನಡೆಸಿರಬೇಕು. ಎಡವುವುದು ಹೆಚ್ಚಾಗಿ ಈ ಮೂರನೆಯದರಲ್ಲೇ. "ಅವನ ಮಾತು ಕೇಳಿದ್ದರೂ ತೆಗೆಯುತ್ತಿದ್ದೆವು" ಅನ್ನುವ ವಾದ ಸಾಮಾನ್ಯವಾಗಿ ವಜಾವನ್ನು ನ್ಯಾಯಯುತ ಮಾಡುವುದಿಲ್ಲ ಅಂತ 1987ರಲ್ಲೇ ಹೌಸ್ ಆಫ್ ಲಾರ್ಡ್ಸ್ (ಆಗಿನ ಅತ್ಯುನ್ನತ ನ್ಯಾಯಾಲಯ) ಹೇಳಿದೆ. ಪರಿಹಾರದ ಮೊತ್ತ ಕಡಿಮೆಯಾಗಬಹುದು, ಅಷ್ಟೆ. ಸಂಧಾನದ ಸಂಸ್ಥೆ ಏಕಾಸ್‌ನ ಶಿಸ್ತು ಕ್ರಮದ ಸಂಹಿತೆಯನ್ನು ವಿನಾಕಾರಣ ಗಾಳಿಗೆ ತೂರಿದ್ದರೆ ಪರಿಹಾರ ಶೇ 25ರವರೆಗೆ ಏರಲೂಬಹುದು.

ತಾರತಮ್ಯದ ಕೇಸಿನಲ್ಲಂತೂ ಪರಿಹಾರಕ್ಕೆ ಮಿತಿಯೇ ಇಲ್ಲ. ಇನ್ನೊಂದು ವಿಷಯ, ಗೆದ್ದರೂ ವಕೀಲರ ಫೀಸು ಸಾಮಾನ್ಯವಾಗಿ ಅವರವರದೇ! ಸೋತವರಿಂದ ವಸೂಲಾಗುವುದು ಅಪರೂಪ. ದೂರು ಕೊಡುವವರಿಗೆ 2013ರಲ್ಲಿ 1,200 ಪೌಂಡ್‌ವರೆಗೆ ಶುಲ್ಕ ಹಾಕಿದ್ದರು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಾನೂನುಬಾಹಿರ ಅಂತ ರದ್ದು ಮಾಡಿತು.

ಅದೇ 2017ರಿಂದ ತೀರ್ಪುಗಳನ್ನು ಆನ್‌ಲೈನ್‌ನಲ್ಲಿ ಹಾಕುತ್ತಿದ್ದಾರೆ. ಕಂಪನಿಯ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು. ಗೆಲ್ಲುವ ಕೇಸನ್ನೂ ಕೆಲವು ಮಾಲೀಕರು ದುಡ್ಡು ಕೊಟ್ಟು ರಾಜಿ ಮಾಡಿಕೊಳ್ಳಲು ಇದೂ ಒಂದು ಕಾರಣ, ಅಲ್ವಾ? ರಾಜಿಯಾದರೆ ತಪ್ಪು ಯಾರದು ಅನ್ನುವ ತೀರ್ಪೇ ಬರುವುದಿಲ್ಲ.